ರಸ ಸೋಸುವ ಅರಿವೆ

ಕಿತ್ತೂರು ಕಡೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ, ಸವದತ್ತಿ ಕಡೆ ಮುನವಳ್ಳಿಯ ರೇಣುಕಾ. ಈ ಸೀಮೆಯ ಕಾರ್ಖಾನೆಗಳ ಮಾತು ಬಂದರೆ ಹೊಗಳಿಕೆಯೆಲ್ಲ ಸಕ್ಕರೆಗೆ. ಸೋಸುವ ಅರಿವೆಯನ್ನು ಯಾರು ಕೇಳುತ್ತಾರೆ?

ಸುಣ್ಣ ಹಾಕಿ ಕಾಯಿಸಿದ ಕಬ್ಬಿನ ರಸದ ತಳದಲ್ಲಿ ಮಡ್ಡಿ ಕೂರುತ್ತದೆ. ಅದರಲ್ಲಿನ್ನೂ ಸಿಹಿ ಉಳಿದಿರುತ್ತದೆ. ನುಣ್ಣನೆಯ ಸಿಪ್ಪೆಪುಡಿ ಬೆರೆಸಿ, ನಿರ್ವಾತದಿಂದ ಹೀರಿ, ಬಿಸಿನೀರು ಸಿಂಪಡಿಸಿ ಅದನ್ನು ಬಸಿಯುತ್ತಾರೆ. ಬೆಲ್ಟ್ ಫಿಲ್ಟರ್‌ಗಳಲ್ಲಿ ಈ ಕೆಲಸ ಬಟ್ಟೆಯದು. ಹತ್ತಿ ನೆನೆದು ಉಬ್ಬುತ್ತದೆ, ಕೊಳೆಯುತ್ತದೆ. ಪಾಲಿಪ್ರೊಪಿಲೀನ್ ಸುಣ್ಣಕ್ಕೂ ಆಮ್ಲಕ್ಕೂ ಜಗ್ಗದು. ಶಾಖ ಮಿತಿಮೀರಿದರೆ ಮಾತ್ರ ಮುದುಡುತ್ತದೆ. ಒಂಟಿ ಎಳೆಯ ನೇಯ್ಗೆಯಿಂದ ಮಡ್ಡಿ ಹಪ್ಪಳದಂತೆ ಕಳಚಿ ಬೀಳುತ್ತದೆ. ಹಲವು ಎಳೆ ಹೊಸೆದ ನೂಲು ಸಣ್ಣ ಕಣವನ್ನೂ ಹಿಡಿಯುತ್ತದೆ, ಹಿಡಿದದ್ದನ್ನು ಬಿಡಲೊಲ್ಲದು!

ನೋಡಲು ಸ್ವಚ್ಛವಿದ್ದ ಬಟ್ಟೆ ಬೆರಳಿಗೆ ಗಡುಸಾದರೆ ಸುಣ್ಣ ಕಟ್ಟಿದೆ ಎಂದರ್ಥ. ತೆಳು ಆಮ್ಲದಲ್ಲಿ ತೊಳೆದರೆ ಮತ್ತೆ ಮೆತ್ತಗಾಗುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದರೋ, ಎಳೆ ಹರಿದು ರಸ ಕದಡುತ್ತದೆ.