ಮಂಕಾದ ಹೆಡ್‌ಲೈಟ್ ಮತ್ತು ನಮ್ಮ ಪಾಠದ ಸ್ವಿಚ್

ಬ್ಯಾಟರಿಯ ಧನಾಗ್ರದಿಂದ ಹೊರಟ ಗೆರೆ ಸ್ವಿಚ್ಚನ್ನು ದಾಟಿ ಬಲ್ಬನ್ನು ತಲುಪುತ್ತದೆ. ಅಲ್ಲಿಂದ ಋಣಾಗ್ರಕ್ಕೆ ಮರಳುತ್ತದೆ. ವಿದ್ಯುತ್ ಮಂಡಲ ಎಂದೊಡನೆ ವಿದ್ಯಾರ್ಥಿಗಳು ಬರೆಯುವ ಚಿತ್ರ ಇದೇ. ಚಿತ್ರದಲ್ಲಿ ತಪ್ಪಿಲ್ಲ. ಆದರೆ ಇದೊಂದನ್ನೇ ನಂಬಿ ಹಳೆಯ ವಾಹನದ ದೀಪದ ದೋಷ ಹುಡುಕಲು ಹೊರಟವರು ಹೇಗೆ ದಾರಿ ತಪ್ಪುತ್ತಾರೆ ಎಂಬುದನ್ನು ನೋಡೋಣ.

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹೆಚ್ಚಾಗಿ ಬಳಕೆಯಾದ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಟೊಯೋಟಾ ಲ್ಯಾಂಡ್ ಕ್ರೂಸರ್ ಒಂದು. 1980ರಲ್ಲಿ ಬಂದ ಇದರ 60 ಸರಣಿ, 1984ರಲ್ಲಿ ಬಂದ 70 ಸರಣಿಗಳ ಅನೇಕ ವಾಹನಗಳಲ್ಲಿ ಹೆಡ್‌ಲೈಟಿನ ಸ್ವಿಚ್ ಇರುವುದು ಋಣಾಗ್ರದ ಕಡೆಗೆ. ಎಡ ಮತ್ತು ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸ್ ಮೂಲಕ 12 ವೋಲ್ಟ್ ಬರುತ್ತದೆ. ಎರಡು ತಂತುಗಳಿರುವ ಎಚ್4 ಬಲ್ಬಿನಲ್ಲಿ ಅದು ತಂತುಗಳ ಸಾಮಾನ್ಯ ತುದಿಯನ್ನು ಸೇರುತ್ತದೆ. ಎರಡೂ ಬಲ್ಬುಗಳ ಪ್ರಖರ ತಂತುಗಳ ಮತ್ತೊಂದು ತುದಿಗಳು ಒಂದು ತಂತಿಗೆ, ಮಂದ ತಂತುಗಳ ತುದಿಗಳು ಇನ್ನೊಂದು ತಂತಿಗೆ ಕೂಡಿವೆ. ಚಾಲಕ ಆಯ್ದ ತಂತಿ ಮಾತ್ರ ವಾಹನದ ಒಡಲಿಗೆ, ಅಂದರೆ ಋಣಾಗ್ರಕ್ಕೆ, ಸಂಪರ್ಕ ಪಡೆಯುತ್ತದೆ.

ಈಗ ಮಂದ ಕಿರಣ ಉರಿಯುತ್ತಿದೆ ಎನ್ನಿ. ಮೀಟರಿನ ಕಪ್ಪು ಕಡ್ಡಿಯನ್ನು ಒಡಲಿಗೆ ತಾಗಿಸಿ ಅಳೆದರೆ ಉರಿಯುತ್ತಿರುವ ತಂತುವಿನ ತಂತಿಯಲ್ಲಿ ಸೊನ್ನೆಯ ಸಮೀಪ, ಉರಿಯದ ತಂತುವಿನ ತಂತಿಯಲ್ಲಿ 12 ವೋಲ್ಟ್ ಸಿಗುತ್ತದೆ! ಇದು ಓಮನ ನಿಯಮಕ್ಕೆ ವಿರುದ್ಧವಲ್ಲ. ಪ್ರವಾಹವಿಲ್ಲದ ತಂತುವಿನಲ್ಲಿ ವಿಭವಪಾತವೂ ಇಲ್ಲ. ಆದ್ದರಿಂದ ಅದರ ಎರಡೂ ತುದಿಗಳು ಒಂದೇ ವಿಭವದಲ್ಲಿರುತ್ತವೆ. ಆದರೆ 'ವೋಲ್ಟೇಜ್ ಇದ್ದಲ್ಲಿ ದೀಪ ಉರಿಯಬೇಕು' ಎಂದು ಕಲಿತವನು ಸರಿಯಾದ ತಂತಿಯನ್ನೇ ಕತ್ತರಿಸಿಯಾನು.

ಇನ್ನೊಂದು ಉದಾಹರಣೆ ಗಮನಿಸಿ. ಎಡ ದೀಪದ ಫ್ಯೂಸ್ ಸುಟ್ಟಿದೆ. ಎಡ ಬಲ್ಬು ಆರಿಹೋಗಬೇಕಿತ್ತು. ಹಾಗಾಗದೆ ಕೆಂಪಗೆ ಮಂಕಾಗಿ ಉರಿಯುತ್ತದೆ. ಕಾರಣವೇನು? ಬಲ ಬಲ್ಬಿನ ಸಾಮಾನ್ಯ ತುದಿಯಿಂದ ಪ್ರವಾಹ ಅದರ ಪ್ರಖರ ತಂತುವಿನ ಮೂಲಕ ಪ್ರಖರ ತಂತಿಗೆ ಬಂದು, ಎಡ ಬಲ್ಬಿನ ಪ್ರಖರ ತಂತುವನ್ನು ಹಿಮ್ಮುಖವಾಗಿ ದಾಟಿ, ಅದರ ಮಂದ ತಂತುವಿನ ಮೂಲಕ ಋಣಾಗ್ರ ಸೇರುತ್ತದೆ. ಮೂರು ತಂತುಗಳು ಶ್ರೇಣಿಯಲ್ಲಿವೆ. ಪ್ರತಿಯೊಂದಕ್ಕೂ ದೊರೆಯುವುದು ಸುಮಾರು 4 ವೋಲ್ಟ್. ರಿಪೇರಿ ಪಟ್ಟಿಗಳು 'ಮಂಕು ದೀಪ: ಅರ್ಥಿಂಗ್ ಸರಿಯಿಲ್ಲ' ಎನ್ನುತ್ತವೆ. ಅದನ್ನು ನಂಬಿದವರು ಇಡೀ ದಿನ ತುಕ್ಕು ಉಜ್ಜುತ್ತಾರೆ. ಫ್ಯೂಸ್ ಪೆಟ್ಟಿಗೆಯನ್ನು ತೆರೆದೇ ನೋಡುವುದಿಲ್ಲ.

ಲಕ್ಷಣದ ಎದುರಿಗೆ ಬಿಡಿಭಾಗದ ಹೆಸರು ಬರೆಯುವ ಇಂಥ ಪಟ್ಟಿಗಳು ನಿರುಪಯುಕ್ತವೆಂದಲ್ಲ. ಬಲ್ಬು, ಫ್ಯೂಸ್, ತುಕ್ಕು ಹಿಡಿದ ಸಂಪರ್ಕ ಇವನ್ನು ಮೊದಲು ನೋಡುವುದು ಜಾಣತನವೇ. ಅವುಗಳ ಕೊರತೆ ಎಂದರೆ ಕಾರಣವನ್ನು ಹೇಳದಿರುವುದು. ಕಾರಣ ತಿಳಿಯದವನಿಗೆ ಪಟ್ಟಿ ಮುಗಿದಲ್ಲಿ ಬುದ್ಧಿಯೂ ಮುಗಿಯುತ್ತದೆ. ಆಗ ಉಳಿಯುವ ದಾರಿ ಹೆಚ್ಚು ಆಂಪೇರಿನ ಫ್ಯೂಸ್ ಹಾಕುವುದು. ಅದು ತಂತಿಗೆ ಬೆಂಕಿ ಹಚ್ಚುವ ದಾರಿ.

ರೋಧವನ್ನು ಅಳೆಯುವ ಅಭ್ಯಾಸವೂ ವಿಮರ್ಶೆಗೆ ಯೋಗ್ಯ. 55 ವಾಟಿನ ತಂತು 12 ವೋಲ್ಟಿನಲ್ಲಿ ಸುಮಾರು 4.6 ಆಂಪೇರ್ ಎಳೆಯುತ್ತದೆ. ಉರಿಯುವಾಗ ಅದರ ರೋಧ ಸುಮಾರು 2.6 ಓಮ್. ತಣ್ಣಗಿರುವಾಗ ಅಳೆದರೆ ಒಂದು ಓಮಿಗೂ ಕಡಿಮೆ. ಇದನ್ನು ಶಾರ್ಟ್ ಎಂದು ತಿಳಿದು ಒಳ್ಳೆಯ ಬಲ್ಬನ್ನು ಎಸೆಯಬಾರದು. ಹಾಗೆಯೇ ಒಡಲಿನ ಸಂಪರ್ಕದಲ್ಲಿ 0.2 ಓಮ್ ರೋಧ ಸೇರಿದ್ದರೆ ಅಗ್ಗದ ಮೀಟರಿಗೆ ಅದು ಕಾಣದು. ಮೀಟರಿನ ಕಡ್ಡಿಗಳ ರೋಧವೇ ಅಷ್ಟಿರಬಹುದು. ಆದರೆ ದೀಪ ಉರಿಯುವಾಗ ಅಲ್ಲಿ ಸುಮಾರು 0.9 ವೋಲ್ಟ್ ನಷ್ಟವಾಗುತ್ತದೆ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಬದಲಾಗುವುದರಿಂದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಹೋದಂತೆ. ರಾತ್ರಿ ರಸ್ತೆಗೆ ಅಡ್ಡ ಬರುವ ದನವನ್ನೋ ಕಾಂಗರೂವನ್ನೋ ಕಾಣಬೇಕಾದ ಚಾಲಕನಿಗೆ ಇದು ಚಿಕ್ಕ ನಷ್ಟವಲ್ಲ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಪ್ರತಿ ಸಂಪರ್ಕದ ಎರಡು ಬದಿಗಳ ನಡುವಿನ ವಿಭವಾಂತರವನ್ನು ಅಳೆಯುವುದೇ ಸರಿಯಾದ ಪರೀಕ್ಷೆ.

ಸ್ವಿಚ್ ಎಲ್ಲಿದ್ದರೂ ಪ್ರವಾಹ ನಿಲ್ಲುತ್ತದೆ ಎಂದು ನಾವು ಪಾಠ ಹೇಳುತ್ತೇವೆ. ಅದು ನಿಜ. ಆದರೆ ಸ್ವಿಚ್ಚಿನ ಸ್ಥಾನ ಬದಲಾದರೆ ಪ್ರತಿ ಬಿಂದುವಿನ ವಿಭವವೂ ಬದಲಾಗುತ್ತದೆ ಎಂಬುದನ್ನು ಹೇಳದೆ ಬಿಡುತ್ತೇವೆ. ಮೀಟರ್ ಹಿಡಿದವನಿಗೆ ಬೇಕಾದದ್ದು ಈ ಎರಡನೆಯ ಮಾತು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದೇ ಬಗೆಯ ನಾಲ್ಕು ಟಾರ್ಚ್ ಬಲ್ಬುಗಳು ಮತ್ತು ಅವುಗಳಿಗೆ ಒಪ್ಪುವ ಬ್ಯಾಟರಿ ಸಾಕು. ಎರಡು ಬಲ್ಬುಗಳನ್ನು ಎಡ ದೀಪವೆಂದೂ ಎರಡನ್ನು ಬಲ ದೀಪವೆಂದೂ ತಿಳಿದು ಮೇಲೆ ಹೇಳಿದಂತೆ ಜೋಡಿಸಿ. ಎಡದ ಧನಾಗ್ರದ ತಂತಿಯನ್ನು ಬಿಡಿಸಿ. ಒಂದು ಬಲ್ಬು ಪೂರ್ಣವಾಗಿ, ಮೂರು ಮಂಕಾಗಿ ಉರಿಯುತ್ತವೆ. ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ. ಉತ್ತರ ಬರುವವರೆಗೆ ಕಾಯಿರಿ.