ಬೆಳಕಿನ ತಂತಿ ತೋರಿಸುವುದು ಏನನ್ನು?

ದೇಹವನ್ನು ಅಗಲವಾಗಿ ಸೀಳದೆ, ತೊಡೆಯ ಸಂದಿನ ಧಮನಿಯಲ್ಲಿ ಕಿರಿದಾದ ರಂಧ್ರವೊಂದನ್ನು ಮಾಡಿ, ಅದರ ಮೂಲಕ ತಂತಿಯನ್ನು ತೂರಿಸಿ ಮಹಾಧಮನಿಯ ಉಬ್ಬನ್ನು ಒಳಗಿನಿಂದಲೇ ಸರಿಪಡಿಸುವ ಶಸ್ತ್ರಚಿಕಿತ್ಸೆ ಇಂದು ರೂಢಿಯಲ್ಲಿದೆ. ಇಲ್ಲಿ ವೈದ್ಯನಿಗೆ ಕಣ್ಣಾಗಿರುವುದು ಕ್ಷ-ಕಿರಣ. ಆದರೆ ಅದರ ಚಿತ್ರ ಚಪ್ಪಟೆಯಾದುದು. ತಂತಿಯ ತುದಿ ನಮ್ಮ ಕಡೆಗೆ ಬಾಗಿದೆಯೋ ಆಚೆಗೆ ಬಾಗಿದೆಯೋ ಎಂಬುದನ್ನು ಅದು ಹೇಳಲಾರದು. ಮೂತ್ರಪಿಂಡದ ಧಮನಿಯ ಬಾಯನ್ನು ಅರಸುವಾಗ ರೋಗಿ ಕಿರಣಕ್ಕೆ ಒಳಗಾಗುತ್ತಲೇ ಇರುತ್ತಾನೆ. ಸೀಸದ ಕವಚ ತೊಟ್ಟ ವೈದ್ಯನೂ ಅದರಿಂದ ಪೂರ್ಣ ಪಾರಾಗನು. ರೋಗಿಗೆ ಅದು ಒಂದು ದಿನದ ಮಾತಾದರೆ ವೈದ್ಯನಿಗೆ ವೃತ್ತಿಜೀವನದುದ್ದದ ಮಾತು.

ಈ ಕಷ್ಟವನ್ನು ತಗ್ಗಿಸಲು ಫಿಲಿಪ್ಸ್ ಸಂಸ್ಥೆ ರೂಪಿಸಿದ ಪದ್ಧತಿಯೇ ಫೈಬರ್ ಆಪ್ಟಿಕ್ ರಿಯಲ್‌ಶೇಪ್. ಮನುಷ್ಯರಲ್ಲಿ ಇದರ ಮೊದಲ ಪ್ರಯೋಗ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ 22 ರೋಗಿಗಳ ಮೇಲೆ ನಡೆದು, ಅದರ ವರದಿ 2021ರಲ್ಲಿ ಪ್ರಕಟವಾಯಿತು.

ಇದರ ತತ್ತ್ವ ಸೊಗಸಾದುದು. ಕೂದಲೆಳೆಯಂಥ ಗಾಜಿನ ತಂತುವಿನೊಳಗೆ ಬೆಳಕು ಹರಿಯುವ ತಿರುಳುಗಳು ಹಲವು. ತಂತು ಬಾಗಿದಾಗ ಹೊರಬದಿಯ ತಿರುಳು ಹಿಗ್ಗುತ್ತದೆ, ಒಳಬದಿಯದು ಕುಗ್ಗುತ್ತದೆ; ಹಿಂದಿರುಗುವ ಬೆಳಕು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ತುಣುಕು ತುಣುಕಾಗಿ ವಕ್ರತೆಯನ್ನು ಅಳೆದು ಕೂಡಿಸಿದರೆ ಇಡೀ ತಂತಿಯ ಆಕಾರ ಮೂರು ಆಯಾಮಗಳಲ್ಲಿ ದೊರೆಯುತ್ತದೆ. ಆದರೆ ಉಷ್ಣವೂ ಬೆಳಕನ್ನು ಬದಲಿಸುತ್ತದೆಯಷ್ಟೆ? ಇಂಥ ತಂತುಗಳಲ್ಲಿ ಬಳಕೆಯಲ್ಲಿರುವ ಬ್ರಾಗ್ ಜಾಲರಿಯಲ್ಲಿ, 1550 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಒಂದು ಡಿಗ್ರಿ ಉಷ್ಣ ಏರಿದರೆ ಸುಮಾರು 10 ಪಿಕೋಮೀಟರ್ ಪಲ್ಲಟವಾಗುತ್ತದೆ. ದಶಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ ಆಗುವುದು ಸುಮಾರು 1.2 ಮಾತ್ರ. ಹೀಗಾಗಿ ರಕ್ತದ ಬಿಸುಪೇ ಹಿಗ್ಗಿನ ವೇಷ ತೊಟ್ಟು ಬರಬಹುದು. ಬಾಗುವಿಕೆಯಿಂದ ಹಿಗ್ಗದ ನಡುವಿನ ತಿರುಳಿನೊಡನೆ ಹೋಲಿಸಿ ಆ ವೇಷವನ್ನು ಕಳಚುತ್ತಾರೆ. ಈ ಜಾಣ್ಮೆಗೆ ತಲೆದೂಗಲೇಬೇಕು. ಇಷ್ಟಾದರೂ ಕೂಡಿಸುತ್ತ ಹೋದಂತೆ ಸಣ್ಣ ತಪ್ಪುಗಳೂ ಕೂಡುತ್ತವೆ. ಅವು ಹೆಚ್ಚುವುದು ತುದಿಯತ್ತ, ಮತ್ತು ವೈದ್ಯನಿಗೆ ಬೇಕಾದುದು ತುದಿಯೇ.

ನಮ್ಮ ಆಕ್ಷೇಪ ಯಂತ್ರದ ಮೇಲಲ್ಲ, ಅದಕ್ಕೆ ಇಟ್ಟ ಹೆಸರಿನ ಮೇಲೆ. ಮಾರುಕಟ್ಟೆಯಲ್ಲಿ ಈ ತಂತಿ ‘ಲ್ಯೂಮಿಗೈಡ್’ ಆಯಿತು; ಆಕಾರವನ್ನು ಹೇಳುತ್ತಿದ್ದ ಹೆಸರು ಮಾರ್ಗದರ್ಶನವನ್ನು ಸಾರತೊಡಗಿತು. ಮಾರ್ಗದರ್ಶನವೆಂದರೆ ಮಾರ್ಗವನ್ನು ತೋರಿಸುವುದು. ಈ ತಂತಿಯಾದರೋ ತೋರಿಸುವುದು ತನ್ನನ್ನೇ! ಧಮನಿಯ ಗೋಡೆ, ರಕ್ತದ ಹರಿವು, ಗಟ್ಟಿಕಟ್ಟಿದ ಸುಣ್ಣ, ಯಾವುದನ್ನೂ ಅದು ಅರಿಯದು. ಪರದೆಯ ಮೇಲೆ ಅದರ ಬಣ್ಣದ ಗೆರೆಯ ಸುತ್ತ ಕಾಣುವ ಧಮನಿ, ಅನೇಕ ವೇಳೆ, ಮೊದಲೇ ತೆಗೆದಿಟ್ಟ ಸಿ.ಟಿ. ಚಿತ್ರದಿಂದ ತಂದು ಜೋಡಿಸಿದ್ದು. ಅಂದಿನ ಧಮನಿ ಇಂದಿನದಲ್ಲ. ಬಿರುಸಾದ ತಂತಿ ಒಳಹೊಕ್ಕರೆ ಸುರುಳಿಯಾಗಿದ್ದ ಧಮನಿ ನೆಟ್ಟಗಾಗುತ್ತದೆ. ಉಸಿರಿನೊಡನೆ ಮೂತ್ರಪಿಂಡದ ಧಮನಿಗಳು ಸರಿಯುತ್ತವೆ. ಗೆರೆಯು ಧಮನಿಯ ಹೊರಗೆ ಕಂಡಾಗ ತಪ್ಪಿರುವುದು ಗೆರೆಯಲ್ಲೋ ಚಿತ್ರದಲ್ಲೋ? ತಂತಿ ಇದಕ್ಕೆ ಉತ್ತರಿಸಲಾರದು. ಕ್ಷ-ಕಿರಣದ ಬೂದು ನೆರಳಿಗೆ ಕುಂದುಗಳು ಹಲವು. ಆದರೂ ವರ್ಣದ್ರವವನ್ನು ಹರಿಸಿದಾಗ ಅಲ್ಲಿ ತಂತಿ, ಧಮನಿಗಳೆರಡೂ ಒಂದೇ ಕ್ಷಣಕ್ಕೆ ಸೇರಿದವು. ಉಜ್ವಲವಾದ ಗೆರೆಯನ್ನು ಕಣ್ಣು ಬೇಗ ನಂಬುತ್ತದೆ ಎಂಬುದೇ ಇಲ್ಲಿನ ಅಪಾಯ.

ಇದರಿಂದ ಕಿರಣದ ಬಳಕೆ ತಗ್ಗಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕವಲುಗಳನ್ನು ಹುಡುಕಿ ಹೊಗುವ ಘಟ್ಟದಲ್ಲಿ ಈ ಲಾಭ ಕಡಮೆಯದಲ್ಲ. ಆದರೆ ಗೆರೆಯನ್ನು ಮೇಜಿನ ಮೇಲಿನ ದೇಹದೊಡನೆ ಹೊಂದಿಸಲು ಕ್ಷ-ಕಿರಣ ಬೇಕು; ಕೊನೆಗೆ ಕೃತಕ ನಾಳವನ್ನು ಬಿಚ್ಚುವಾಗಲೂ ವೈದ್ಯನ ಕಾಲು ಮರಳುವುದು ಕ್ಷ-ಕಿರಣದ ಮೆಟ್ಟಿನ ಮೇಲಕ್ಕೇ.