ಉಪಕರಣಗಳ ಗುಣದೋಷ ವಿಚಾರ

ವಿಮರ್ಶೆಯೆಂಬುದು ಕಾವ್ಯ ನಾಟಕಗಳಿಗೆ ಮಾತ್ರ ಸಲ್ಲತಕ್ಕುದೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಲವಾಗಿದೆ. ಆದರೆ ಇಂದು ಕೊಳ್ಳೇಗಾಲದ ಪೇಟೆಯಲ್ಲಾಗಲಿ, ಹನೂರಿನ ಬಸ್ಸು ನಿಲ್ದಾಣದಲ್ಲಾಗಲಿ, ಯಳಂದೂರಿನ ಮನೆಯ ಜಗಲಿಗಳಲ್ಲಾಗಲಿ ಎಲ್ಲಕ್ಕಿಂತ ಹೆಚ್ಚಾಗಿ ಗುಣದೋಷ ವಿಚಾರಕ್ಕೆ ಗುರಿಯಾಗುತ್ತಿರುವ ಕೃತಿ ಯಾವುದೆಂದು ಕೇಳಿದರೆ, ಅದು ಕಾವ್ಯವಲ್ಲ, ಮೊಬೈಲ್ ಫೋನು. ಯಾವ ಕಂಪೆನಿಯದು ಮೇಲು, ಯಾವುದು ಕೀಳು, ಯಾರು ಜಾಣತನದಿಂದ ಕೊಂಡರು, ಯಾರು ಮೋಸಹೋದರು ಎಂಬ ಚರ್ಚೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೂ ಮುಗಿಯದು. ಕಾವ್ಯದ ವಿಷಯದಲ್ಲಿ ಮೌನವಾಗಿರುವವರೂ ಇಲ್ಲಿ ವಿಮರ್ಶಕರೇ. ಹೀಗಿರುವಲ್ಲಿ ಈ ವಿಮರ್ಶೆ ಯಾವ ರೀತಿಯದು, ಅದರಲ್ಲಿ ತಿರುಳೆಷ್ಟು, ಹೊಟ್ಟೆಷ್ಟು ಎಂಬುದನ್ನು ವಿಚಾರಮಾಡುವುದು ಸಾಹಿತ್ಯ ಪತ್ರಿಕೆಗೆ ಹೊರತಾದ ಕೆಲಸವೆಂದು ವಾಚಕರು ಭಾವಿಸಲಾರರೆಂದು ನಂಬಿದ್ದೇವೆ.

ಕಾವ್ಯಮೀಮಾಂಸೆಯಲ್ಲಿ ಕವಿ, ಕಾವ್ಯ, ಸಹೃದಯ ಎಂದು ಮೂವರನ್ನು ಬೇರೆಬೇರೆಯಾಗಿ ಎಣಿಸುವುದುಂಟು. ಕವಿಯ ಕುಲಶೀಲಗಳನ್ನು ಹೊಗಳಿದಮಾತ್ರಕ್ಕೆ ಕಾವ್ಯ ಒಳ್ಳೆಯದಾಗದು. ಓದುವವನು ಸಿರಿವಂತನಾದಮಾತ್ರಕ್ಕೆ ಸಹೃದಯನಾಗನು. ಉಪಕರಣಗಳ ವಿಷಯದಲ್ಲಿಯೂ ತಯಾರಕ, ವಸ್ತು, ಬಳಕೆದಾರ ಎಂಬ ಮೂವರುಂಟು. ನಮ್ಮಲ್ಲಿ ನಡೆಯುವ ಚರ್ಚೆಯ ಮುಖ್ಯ ದೋಷವೆಂದರೆ ಈ ಮೂರನ್ನೂ ಕಲಸಿಬಿಡುವುದು. ಕಂಪೆನಿಯ ಮೇಲಣ ಮೋಹವನ್ನು ವಸ್ತುವಿನ ಗುಣವೆಂದು ತಿಳಿಯುವುದು ಒಂದು. ವಸ್ತುವಿನ ಬೆಲೆಯಿಂದ ಅದನ್ನು ಹಿಡಿದವನ ಬೆಲೆ ಕಟ್ಟುವುದು ಇನ್ನೊಂದು. ನಮಗೆ ಬೇಕಾದುದೇನೆಂಬ ಅಳತೆಗೋಲೇ ಇಲ್ಲದೆ ತೀರ್ಪು ಹೇಳುವುದು ಮೂರನೆಯದು.

ಮೊದಲನೆಯದಕ್ಕೆ ನಮ್ಮ ನಾಡಿನದೇ ನಿದರ್ಶನವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ಆ ಗಡಿಯಾರ ಮದುವೆಯಲ್ಲಿ ಅಳಿಯನಿಗೆ ಕೊಡುವ ಉಡುಗೊರೆಯಾಯಿತು; ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ತಂದೆ ಕಟ್ಟುವ ಬಹುಮಾನವಾಯಿತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ ಟೈಟಾನ್ ಕಂಪೆನಿಯನ್ನು ಕಟ್ಟಿ, ಹೊಸೂರಿನಿಂದ ಸ್ಫಟಿಕದ ಗಡಿಯಾರಗಳನ್ನು ಮಾರುಕಟ್ಟೆಗೆ ತಂದುವು. ಎಚ್.ಎಂ.ಟಿ.ಯ ಜನತಾ ಗಡಿಯಾರದ ತೂಗುಚಕ್ರವು ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ಸ್ಫಟಿಕದ ಗಡಿಯಾರದೊಳಗಣ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕಾಲವನ್ನು ಸಣ್ಣ ತುಂಡುಗಳಾಗಿ ಎಣಿಸಿದಷ್ಟೂ ಎಣಿಕೆಯ ತಪ್ಪು ಕಡಮೆಯಾಗುವುದು ಸಹಜವಷ್ಟೆ. ಪ್ರತಿದಿನವೂ ಕೀಲಿ ಕೊಡಬೇಕಾದ ತೊಂದರೆಯೂ ಇದರಲ್ಲಿಲ್ಲ. ಜನ ಹೊಸದರ ಕಡೆಗೆ ತಿರುಗಿದರು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಎಂಬ ಅಂಗಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಆಗ ಕೇಳಿಬಂದ ಶೋಕದಲ್ಲಿ ಒಂದು ಆರೋಪವೂ ಬೆರೆತಿತ್ತು: ಕೊಳ್ಳುವವರು ಕೃತಘ್ನರಾದರೆಂಬುದು. ಈ ಮಾತು ನ್ಯಾಯವಲ್ಲ. ಸರಿಯಾದ ಹೊತ್ತನ್ನು ಬಯಸಿ ಗಡಿಯಾರ ಕೊಳ್ಳುವವನು ಹೆಚ್ಚು ಸರಿಯಾದ ಹೊತ್ತನ್ನು ತೋರಿಸುವುದನ್ನು ಕೊಂಡರೆ ಅದು ದ್ರೋಹವಲ್ಲ. ಆದರೆ ಆ ಶೋಕ ಬರಿಯ ಮೋಹವೆಂದು ತಳ್ಳಿಹಾಕುವುದೂ ತಪ್ಪು. ಹಳೆಯ ಗಡಿಯಾರವನ್ನು ಯಾವ ಸಣ್ಣ ಊರಿನಲ್ಲಾದರೂ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟ ಹಿಡಿದು ಕುಳಿತ ಗಡಿಯಾರ ರಿಪೇರಿಯವನು ಬಿಚ್ಚಿ, ಒರಸಿ, ಎಣ್ಣೆ ತೊಟ್ಟಿಕ್ಕಿ, ಮತ್ತೆ ಜೋಡಿಸಿ ಕೊಡಬಲ್ಲವನಾಗಿದ್ದನು. ತಂದೆಯ ಗಡಿಯಾರ ಮಗನ ಕೈಗೆ ಬರುತ್ತಿದ್ದುದು ಇದರಿಂದ. ಜನ ಕಂಪೆನಿಯನ್ನು ಹೊಗಳಿದಂತೆ ತೋರಿದರೂ ಅವರು ಮೆಚ್ಚಿದ್ದು ವಸ್ತುವಿನ ಒಂದು ಗುಣವನ್ನು: ಅದು ಕೆಟ್ಟರೆ ನಮ್ಮೂರಿನಲ್ಲೇ ಸರಿಹೋಗುತ್ತಿತ್ತು. ಹೆಸರಿನ ಮೋಹದ ಕೆಳಗೆ ಅಡಗಿರುವ ಇಂಥ ಗುಣವನ್ನು ಎತ್ತಿ ಹೊರಗಿಡುವುದೇ ವಿಮರ್ಶಕನ ಕೆಲಸ. ಹಾಗೆ ಎತ್ತಿಟ್ಟರೆ ಅದನ್ನು ಬೇರೆ ಕಂಪೆನಿಯಿಂದಲೂ ಕೇಳಬಹುದು. ಎತ್ತಿಡದಿದ್ದರೆ ಬರಿಯ ಹಳೆಯ ಹಾಡಾಗಿ ಉಳಿಯುತ್ತದೆ.

ಕಂಪೆನಿಯ ಹೆಸರೆಂಬುದಾದರೂ ಎಷ್ಟರಮಟ್ಟಿಗೆ ತಯಾರಕನ ಹೆಸರು? 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆ್ಯಪಲ್ ಕಂಪೆನಿಗಾಗಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಕೂಲಿಯ ವಿಷಯವಾಗಿ ಹುಟ್ಟಿದ ಅಸಮಾಧಾನ ದೊಡ್ಡ ಗಲಭೆಯಾಗಿ ಪರಿಣಮಿಸಿತು. ಕೂಲಿಯ ಪಾವತಿಯಲ್ಲಿ ಲೋಪಗಳಾಗಿದ್ದುವೆಂದು ವಿಸ್ಟ್ರಾನ್ ಒಪ್ಪಿ ಕೆಲಸಗಾರರ ಕ್ಷಮೆ ಕೇಳಿತು. ಲೋಪ ಸರಿಹೋಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆ್ಯಪಲ್ ಸಾರಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ವಶವಾಯಿತು. ಐಫೋನು ಹೆಚ್ಚೋ ಮತ್ತೊಂದು ಹೆಚ್ಚೋ ಎಂದು ವಾದಿಸುವವರಲ್ಲಿ ಎಷ್ಟು ಮಂದಿ ನರಸಾಪುರವನ್ನು ಆ ವಾದದಲ್ಲಿ ಎಣಿಸುತ್ತಾರೆ? ಪೆಟ್ಟಿಗೆಯ ಮೇಲಣ ಹೆಸರು ಒಂದು. ಒಳಗಿನ ವಸ್ತುವನ್ನು ಜೋಡಿಸಿದ ಕೈಗಳು ನಮ್ಮ ಹಳ್ಳಿಗಳಂಥ ಹಳ್ಳಿಗಳಿಂದ ಹೋದ ಹುಡುಗ ಹುಡುಗಿಯರವು. ಕೃತಿಯನ್ನು ಹೊಗಳಿ ಅದನ್ನು ಬರೆದ ಕೈಯನ್ನು ಮರೆಯುವ ವಿಮರ್ಶೆ ಅರ್ಧ ವಿಮರ್ಶೆಯೇ ಸರಿ.

ಇನ್ನು ಬಳಕೆದಾರರ ವಿಷಯ. ಹೆಚ್ಚು ಬೆಲೆಯ ಫೋನು ಹಿಡಿದವನು ಡಾಂಭಿಕ, ಕಡಮೆ ಬೆಲೆಯದನ್ನು ಹಿಡಿದವನು ಅರಿಯದವನು ಎಂಬ ಎರಡು ಬೈಗುಳಗಳು ನಮ್ಮ ಚರ್ಚೆಗಳಲ್ಲಿ ಧಾರಾಳವಾಗಿ ಓಡಾಡುತ್ತವೆ. ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದರ ಅಸಂಬದ್ಧತೆ ಬೇಗ ತಿಳಿಯುತ್ತದೆ. ಗೂಡು ಕೊಳ್ಳುವ ರೀಲರು ಬೆಳೆದವನ ಮನೆತನವನ್ನು ಕೇಳುವುದಿಲ್ಲ; ಗೂಡನ್ನು ಕೈಯಲ್ಲಿ ಒತ್ತಿ ನೋಡಿ, ಅದರ ಗಟ್ಟಿತನ, ಆಕಾರ, ಬಣ್ಣ ಇವುಗಳಿಂದ ಎಷ್ಟು ನೂಲು ಬಿಚ್ಚೀತೆಂದು ಅಂದಾಜುಮಾಡುತ್ತಾನೆ. ಫೋನಿನ ವಿಷಯದಲ್ಲಿಯೂ ಬಿಚ್ಚುವ ನೂಲೇ ಮುಖ್ಯ. ದಿನಗೂಲಿಯವನೊಬ್ಬನು ಕೊಂಡ ಅಗ್ಗದ ಫೋನು ಅವನ ಮಗಳ ಪಾಠಕ್ಕೂ, ಊರಿಗೆ ಹಣ ಕಳುಹಿಸುವುದಕ್ಕೂ ಒದಗಿದರೆ, ಅದರಿಂದ ಅವನಿಗೆ ಬಿಚ್ಚಿದ ನೂಲು ಬಹಳವೆಂದೇ ಹೇಳಬೇಕು.

ಬಳಕೆದಾರನ ದೂರನ್ನು ಹಗುರವಾಗಿ ಕಾಣುವುದೂ ಈ ಬೈಗುಳದ ಇನ್ನೊಂದು ಮುಖ. ಹಳೆಯ ಐಫೋನುಗಳು ಬರಬರುತ್ತ ನಿಧಾನವಾಗುತ್ತವೆಯೆಂದು ಅನೇಕರು ವರ್ಷಗಟ್ಟಲೆ ದೂರುತ್ತಿದ್ದರು. ಅದು ಅವರ ಭ್ರಮೆಯೆಂದು ನಕ್ಕವರೂ ಇದ್ದರು. 2017ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪೆನಿಯೇ ನಿಜಾಂಶವನ್ನು ಒಪ್ಪಿತು: ಬ್ಯಾಟರಿ ಮುಪ್ಪಾದ ಫೋನುಗಳು ಹಠಾತ್ತಾಗಿ ಆರಿಹೋಗದಿರಲೆಂದು ಅವುಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಹೇಳಿ, ಕಡಮೆ ಬೆಲೆಗೆ ಬ್ಯಾಟರಿ ಬದಲಾಯಿಸಿಕೊಡಲು ಮುಂದಾಯಿತು. ಕಾರಣ ದುರುದ್ದೇಶದ್ದಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಒಡೆಯನಿಗೆ ತಿಳಿಸದೆ ಅವನ ವಸ್ತುವಿನ ನಡಿಗೆಯನ್ನು ಬದಲಿಸಿದ್ದು ದೋಷವೇ. ಆ ದೋಷ ಹೊರಬಿದ್ದುದು ಕಂಪೆನಿಯ ಭಕ್ತರಿಂದಲ್ಲ, ಅದರ ವೈರಿಗಳಿಂದಲೂ ಅಲ್ಲ. ತಮ್ಮ ಕೈಯಲ್ಲಿದ್ದುದನ್ನು ತಾಳ್ಮೆಯಿಂದ ಗಮನಿಸಿ ಅಳೆದ ಬಳಕೆದಾರರಿಂದ.

ಈಗ ಮೂರನೆಯ ಮತ್ತು ನಮಗೆ ಅತ್ಯಂತ ಹತ್ತಿರದ ವಿಷಯಕ್ಕೆ ಬರೋಣ. ಕನ್ನಡ ಮನೆಗಳ ಅಳತೆಗೋಲು ಯಾವುದು? ಚಿತ್ರ ತೆಗೆಯುವ ಶಕ್ತಿ, ತೆರೆಯ ಹೊಳಪು ಇವೆಲ್ಲ ಲೋಕಕ್ಕೆಲ್ಲ ಒಂದೇ. ಆದರೆ ಈ ವಸ್ತು ಕನ್ನಡವನ್ನು ಹೇಗೆ ಬರೆಯುತ್ತದೆ, ಹೇಗೆ ಓದುತ್ತದೆ, ಹೇಗೆ ಕೇಳುತ್ತದೆ ಎಂಬುದನ್ನು ನಾವಲ್ಲದೆ ಬೇರೆ ಯಾರು ಪರೀಕ್ಷಿಸಬೇಕು? 1991ರಲ್ಲಿ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬರಹವೆಂಬ ತಂತ್ರಾಂಶವನ್ನು ಹೊರತಂದರು. ಜಗತ್ತಿನ ದೊಡ್ಡ ಕಂಪೆನಿಗಳು ಇನ್ನೂ ಕಣ್ಣು ತೆರೆಯದಿದ್ದಾಗ ಒಬ್ಬಿಬ್ಬರು ವ್ಯಕ್ತಿಗಳು ಮಾಡಿದ ಕೆಲಸವಿದು. 2016ರಲ್ಲಿ, ಭಾರತದಲ್ಲಿ ಮಾರುವ ಫೋನುಗಳು ಸಂವಿಧಾನ ಮನ್ನಿಸಿದ 22 ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕೆಂದು ಸರ್ಕಾರ ವಿಧಿಸಿತು. ಐಫೋನಿನಲ್ಲಿ ಕನ್ನಡದ ಕೀಲಿಮಣೆ ಬಂದುದು 2017ರಲ್ಲಿ. ಆ ಫೋನು ಹುಟ್ಟಿ ಆಗಲೇ 10 ವರ್ಷವಾಗಿತ್ತು. ಕನ್ನಡವನ್ನು ಕೊಟ್ಟರೆಂದು ಕಂಪೆನಿಗಳನ್ನು ಕೊಂಡಾಡುವವರು ಈ ಕಾಲಕ್ರಮವನ್ನು ನೆನಪಿನಲ್ಲಿಡತಕ್ಕುದು.

ಸಣ್ಣದೆಂದು ತೋರುವ ಒಂದು ತೊಡಕನ್ನು ನೋಡಿ. ‘ಕಾರ್ಯ’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರವೇ ಮುಂದೆ ನಿಂತು ಯಕಾರ ಒತ್ತಾಗಬೇಕು. ಎರಡು ಕಡೆಯಲ್ಲಿಯೂ ಯಂತ್ರದೊಳಗಣ ಅಕ್ಷರಕ್ರಮ ಒಂದೇ. ಎರಡನೆಯ ರೂಪ ಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಇಡಬೇಕು. ಆ ಚಿಹ್ನೆಯನ್ನು ಸುಲಭವಾಗಿ ಇಡಲು ಬಾರದ ಕೀಲಿಮಣೆಯಲ್ಲಿ ಬರೆಯುವ ಮಗು ತಪ್ಪು ರೂಪವನ್ನೇ ಸರಿಯೆಂದು ಕಲಿಯುತ್ತದೆ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನ ಊರಾದ ಯಳಂದೂರಿನಲ್ಲಿ, ನಾಟಕಕಾರ ಸಂಸರು ಹುಟ್ಟಿದ ಅಗರ ಗ್ರಾಮದ ನೆರೆಯಲ್ಲಿ, ಮಕ್ಕಳ ಕಾಗುಣಿತವನ್ನು ತಿದ್ದುವ ಅಧಿಕಾರ ಮೇಷ್ಟರಿಂದ ಯಂತ್ರಕ್ಕೆ ಜಾರುತ್ತಿರುವಾಗ ಇದನ್ನು ಅಲ್ಪವಿಷಯವೆನ್ನಲಾದೀತೆ?

ಮಾತಿನ ವಿಷಯವಂತೂ ಇನ್ನೂ ಸೂಕ್ಷ್ಮ. ನಮ್ಮ ಸೀಮೆಯ ಆಡುನುಡಿಯಲ್ಲಿ ಹಕಾರ ಉಳಿಯುವುದಿಲ್ಲ. ಹಾಲು ‘ಆಲು’, ಹಳ್ಳಿ ‘ಅಳ್ಳಿ’. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರ ನುಡಿ ಬೇರೆಯ ಜಾಡಿನದು. ಕಂಸಾಳೆಯವರೂ ನೀಲಗಾರರೂ ರಾತ್ರಿಯೆಲ್ಲ ಹಾಡುವ ಕಾವ್ಯಗಳು ಈ ನುಡಿಯಲ್ಲಿಯೇ ಬಾಳಿವೆ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ಇದೆಲ್ಲ ಅಪಭ್ರಂಶವೆಂದೇ ತೋರುವುದು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಗೂಗಲ್ ಕಂಪೆನಿಯ ನೆರವಿನಿಂದ ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಸಂಗ್ರಹಿಸುವ ವಾಣಿ ಎಂಬ ಯೋಜನೆಯನ್ನು ಕೈಗೊಂಡುದು ಒಳ್ಳೆಯ ಕೆಲಸ. ಹನೂರಿನ ಅಜ್ಜಿಯೊಬ್ಬಳು ತನ್ನ ನುಡಿಯನ್ನು ತಿದ್ದಿಕೊಳ್ಳದೆ ಯಂತ್ರಕ್ಕೆ ಮಾತು ಹೇಳುವಂತಾದ ದಿನ ಆ ಕೆಲಸ ಸಫಲವಾಯಿತೆನ್ನಬಹುದು.

ಇದೇ ಗೂಗಲ್ ಕಂಪೆನಿಯ ಮೇಲೆ 2021ರ ಜೂನಿನಲ್ಲಿ ಕನ್ನಡಿಗರ ಕೋಪ ಭುಗಿಲೆದ್ದುದು ವಾಚಕರಿಗೆ ನೆನಪಿರಬಹುದು. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದರೆ ಅದರ ಶೋಧಕಯಂತ್ರವು ಕನ್ನಡವೆಂದು ಉತ್ತರ ತೋರಿಸಿತು. ಎಲ್ಲಿಯೋ ಯಾರೋ ಬರೆದುದನ್ನು ಪರೀಕ್ಷಿಸದೆ ಎತ್ತಿ, ತನ್ನ ಉತ್ತರವೆಂಬಂತೆ ಮುಂದಿಟ್ಟುದೇ ಯಂತ್ರದ ಅಪರಾಧ. ಕಂಪೆನಿ ಕ್ಷಮೆ ಕೇಳಿತು, ಉತ್ತರ ಮರೆಯಾಯಿತು. ಕೋಪ ನ್ಯಾಯವಾದುದೇ. ಆದರೆ ಆ ಒಂದು ವಾಕ್ಯಕ್ಕೆ ಎದ್ದುನಿಂತ ನಾವು, ದಿನವೂ ನಮ್ಮ ಕೈಯಲ್ಲಿ ಒತ್ತಕ್ಷರ ಮುರಿಯುವ, ಆಡುನುಡಿಯನ್ನು ಕೇಳಲಾರದ ಯಂತ್ರದ ಮುಂದೆ ಸುಮ್ಮನಿರುವುದೇಕೆ? ಅವಮಾನಕ್ಕೆ ಕ್ಷಮಾಪಣೆಯ ಎರಡು ಸಾಲು ಸಾಕಾಗುತ್ತದೆ. ದೋಷಕ್ಕೆ ತಿದ್ದುಪಡಿಯೇ ಬೇಕು. ಎರಡನೆಯದನ್ನು ಕೇಳುವುದು ಕಷ್ಟ, ಏಕೆಂದರೆ ದೋಷವೇನೆಂದು ಮೊದಲು ನಾವೇ ತಿಳಿದು ಹೇಳಬೇಕು.

ರಿಪೇರಿಯ ವಿಷಯವೂ ಹಾಗೆಯೇ. ಮೊದಲಿನ ಫೋನುಗಳ ಬ್ಯಾಟರಿಯನ್ನು ಉಗುರಿನಿಂದ ಮುಚ್ಚಳ ತೆಗೆದು ಬದಲಾಯಿಸಬಹುದಾಗಿತ್ತು; ಈಗಿನ ಫೋನುಗಳನ್ನು ಅಂಟು ಹಾಕಿ ಮುಚ್ಚುವುದೇ ರೂಢಿ. 2022ರಲ್ಲಿ ನಮ್ಮ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿನ ವಿಚಾರಕ್ಕೆ ಸಮಿತಿಯೊಂದನ್ನು ನೇಮಿಸಿತು. 2023ರಲ್ಲಿ ಯುರೋಪಿನ ಒಕ್ಕೂಟವು ಬಳಕೆದಾರನೇ ಬ್ಯಾಟರಿ ಬದಲಾಯಿಸುವಂತಿರಬೇಕೆಂದು 2027ರಿಂದ ಅನ್ವಯವಾಗುವ ಕಾನೂನು ಮಾಡಿತು. ಹಳೆಯ ಗಡಿಯಾರಕ್ಕೆ ಮರುಗುವ ಹಿರಿಯರು ಕೇಳಬೇಕಾದುದು ಇದನ್ನೇ.

ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕಥೆ ನಮ್ಮವರಿಗೆಲ್ಲ ಗೊತ್ತು. ಮಂಟೇಸ್ವಾಮಿಯ ಅಪ್ಪಣೆಯಂತೆ ಅವನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋದನು. ಇದ್ದುದನ್ನು ಅವರು ಇಲ್ಲವೆಂದರು. ಕಠಿನವಾದ ಪರೀಕ್ಷೆಗಳನ್ನು ಒಡ್ಡಿದರು. ಆದರೆ ಬೇಡುವವನಿಗೆ ತಾನು ಬಂದುದೇತಕ್ಕೆಂಬುದರಲ್ಲಿ ಗೊಂದಲವಿರಲಿಲ್ಲ. ಉಪಕರಣಗಳ ವಿಮರ್ಶಕರಾದ ನಾವು ಕಂಪೆನಿಗಳನ್ನು ಹೊಗಳುವುದರಲ್ಲಿಯೂ, ಒಬ್ಬರನ್ನೊಬ್ಬರು ಹಳಿಯುವುದರಲ್ಲಿಯೂ ಹೊತ್ತು ಕಳೆದು, ಬೇಡಬೇಕಾದ ಕಬ್ಬಿಣವನ್ನೇ ಮರೆತಿದ್ದೇವೆ. ಸರಿಯಾದ ಕನ್ನಡ, ಊರಿನಲ್ಲೇ ಆಗುವ ರಿಪೇರಿ, ಒಡೆಯನಿಗೆ ಮುಚ್ಚಿಡದ ನಡತೆ, ಜೋಡಿಸಿದ ಕೈಗಳಿಗೆ ನ್ಯಾಯವಾದ ಕೂಲಿ: ಈ ನಾಲ್ಕನ್ನು ಹೆಸರಿಸಿ ಕೇಳಲು ಕಲಿತರೆ, ಕೊಳ್ಳೇಗಾಲದ ಮನೆಯೊಂದರ ಅಭಿಪ್ರಾಯಕ್ಕೂ ಬೆಲೆಯುಂಟಾಗುವುದೆಂಬುದರಲ್ಲಿ ಸಂದೇಹವಿಲ್ಲ.